ಯಾರೂ ಹಾಡದ ಮೂರನೆಯ ಚರಣ

"ಅಮ್ಮಾ, ಒಸಿ ನಿಲ್ಸಿ," ಎಂದು ಕನಕಪುರದ ಹಾರ್ಮೋನಿಯಂ ಮೇಷ್ಟ್ರು ಪೆಟ್ಟಿಗೆಯಿಂದ ಕೈ ತೆಗೆದರು. "ಶ್ರುತಿ ಮಾಗಡಿ ಕಡೀಕೆ ಹೋಯ್ತಾ ಐತೆ. ನೀವು ಹಾರೋಹಳ್ಳಿ ಬಸ್ ಹತ್ಕಂಡಿದೀರಿ."

ರೇಷ್ಮೆ ಹುಳದ ಮನೆಯಲ್ಲಿ, ನಾಟಕದ ಪಾತ್ರಕ್ಕೆ ಹಾಡಿ ತೋರಿಸಲು ಕೂತಿದ್ದ ಮೂವತ್ತು ಜನವೂ ಗೊಳ್ಳೆಂದು ನಕ್ಕರು.

ಮುನಿರತ್ನಮ್ಮ ತೆರೆದ ಬಾಯಿ ಮುಚ್ಚಲಿಲ್ಲ. ಮೂವತ್ತನಾಲ್ಕು ವರ್ಷ ಪೊಲೀಸ್ ಕೆಲಸ ಮಾಡಿ ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತಳಾದವಳು. ಅಷ್ಟು ವರ್ಷದಲ್ಲಿ ಒಬ್ಬ ಕಳ್ಳನೂ ಅವಳ ಮುಖ ನೋಡಿ ನಕ್ಕಿರಲಿಲ್ಲ.

"ರಾಜಮಾತೆ ಪಾತ್ರಕ್ಕೆ ಹಾಡು ಬೇಕೇ ಬೇಕಾ ಮೇಷ್ಟ್ರೇ? ಮಾತಲ್ಲೇ ಹೇಳ್ಬುಡ್ತೀನಿ."

"ಮಗ ಯುದ್ಧಕ್ಕೆ ಹೊಂಟಾಗ ತಾಯಿ ಬರೀ ಮಾತಾಡ್ಬುಟ್ರೆ ಜನ ಎದ್ದು ಹೋಯ್ತಾರೆ ಕಣಮ್ಮ. ಕೂತ್ಕಳಿ. ಊಟ ಮಾಡ್ಕಂಡೇ ಹೋಗೀರಂತೆ."

ಕೂರುವುದಷ್ಟೇ ಅವಳಿಗೆ ಬೇಕಾಗಿದ್ದದ್ದು. ಕಳ್ಳನನ್ನು ಹಿಡಿಯಲು ಬಂದವಳಿಗೆ ರಾಜಮಾತೆಯ ಪಾತ್ರ ಕಟ್ಟಿಕೊಂಡು ಏನಾಗಬೇಕು? ಆದರೂ ಆ ನಗು ಚುಚ್ಚಿತು. ಗೋಡೆಗೆ ಒರಗಿಸಿಟ್ಟಿದ್ದ ಹುಳದ ತಟ್ಟೆಗಳ ಪಕ್ಕ, ನೋಯುವ ಮಂಡಿಯನ್ನು ಚಾಚಿ ಕೂತಳು.

ಒಂಬತ್ತು ದಿನದ ಹಿಂದೆ, ಭಾನುವಾರ ಬೆಳಿಗ್ಗೆ, ಇದೇ ಹುಳದ ಮನೆಯ ಮೆಟ್ಟಿಲ ಕೆಳಗೆ ನಾಟಕದ ಸಿದ್ದಯ್ಯ ಮೇಷ್ಟ್ರು ತಲೆ ಒಡೆದು ಬಿದ್ದಿರುವುದು ಕಂಡಿತು. ಇವತ್ತಿಗೂ ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಿಲ್ಲ. ಅವರು ಸ್ವಂತ ಬರೆದಿದ್ದ 'ದುರ್ಗದ ವೀರಮಲ್ಲ' ನಾಟಕದ ಕೈಬರಹದ ಪುಸ್ತಕ ಕಾಣೆ. ತಬಲಾ ಬಿಗಿಮಾಡುವ ಪುಟ್ಟ ಸುತ್ತಿಗೆ ಹಿಪ್ಪುನೇರಳೆ ತೋಟದಲ್ಲಿ ಸಿಕ್ಕಿತು, ರಕ್ತದ ಸಮೇತ. ಸುತ್ತಿಗೆ ತಬಲಾ ಬಾರಿಸುವ ಆಫ್ತಾಬನದು. ಶನಿವಾರ ಪ್ರಾಕ್ಟೀಸಿನಲ್ಲಿ ತಾಳದ ವಿಷಯಕ್ಕೆ ಮೇಷ್ಟ್ರ ಮೇಲೆ ಕೂಗಾಡಿ "ನೋಡ್ಕತೀನಿ" ಅಂದಿದ್ದನ್ನು ಊರೆಲ್ಲ ಕೇಳಿತ್ತು. ಪೊಲೀಸರಿಗೆ ಇನ್ನೇನು ಬೇಕು, ಚನ್ನಪಟ್ಟಣಕ್ಕೆ ಹೋಗಿ ಎತ್ತಿಕೊಂಡು ಬಂದರು.

ಅವನ ಕಡೆಗೆ ಇದ್ದದ್ದು ಒಂದೇ ಮಾತು: ಶನಿವಾರ ಸಂಜೆ ಐದು ಗಂಟೆ ಬಸ್ಸಿಗೆ ಊರು ಬಿಟ್ಟೆ. ಮೇಷ್ಟ್ರು ಆರರ ತನಕ ಚೆನ್ನಾಗಿಯೇ ಇದ್ದದ್ದನ್ನು ನೋಡಿದವರಿದ್ದಾರೆ. ನಾಳೆ ಕೋರ್ಟಿನಲ್ಲಿ ಜಾಮೀನಿನ ಅರ್ಜಿ ನಿಂತಿರುವುದೇ ಆ ಬಸ್ಸಿನ ಮೇಲೆ. ನಾಳೆ ತಪ್ಪಿದರೆ, ನಡುವೆ ಮೇಷ್ಟ್ರ ಉಸಿರು ನಿಂತರೆ, ಕೇಸು ಕೊಲೆಯಾಗುತ್ತದೆ.

ಆಫ್ತಾಬನ ಅಪ್ಪ ಇಮಾಮ್ ಸಾಬರು ಹೊರಗೆ ಹುಣಸೆ ಮರದ ಕೆಳಗೆ ಕೂತಿದ್ದರು. ಬೊಂಬೆಗೆ ಅರಗಿನ ಬಣ್ಣ ಹಚ್ಚಿ ಹಚ್ಚಿ ಉಗುರಿನ ತುದಿ ಕೆಂಪಾದ ಮುದುಕ. ಮುನಿರತ್ನಮ್ಮ ಚನ್ನಪಟ್ಟಣದಲ್ಲಿ ಡ್ಯೂಟಿ ಮಾಡುವಾಗ ಇದ್ದದ್ದು ಅವರ ವಠಾರದಲ್ಲೇ. ಇವಳು ಬಂದೋಬಸ್ತಿಗೆ ಹೋದ ದಿನವೆಲ್ಲ ಇವಳ ಮಗಳು ಉಂಡಿದ್ದು ಅವರ ಮನೆಯಲ್ಲಿ. ಆ ಮನುಷ್ಯ ಎಂಟು ದಿನದ ಹಿಂದೆ ಬಂದು "ಅಮ್ಮಾ, ಇರೋನು ಒಬ್ನೇ ಮಗ" ಅಂದಾಗ ಇವಳು ಯೋಚಿಸದೆ ಮಾತು ಕೊಟ್ಟುಬಿಟ್ಟಿದ್ದಳು. ಅರ್ಜಿಯಲ್ಲಿ ಏನು ಬರೆದಿದೆ ಎಂದು ಸಾಬರು ಕೇಳಲಿಲ್ಲ. ಇವಳೂ ಓದಿ ಹೇಳಲಿಲ್ಲ.

"ಮುಂದೆ ಯಾರವ್ವ, ಕೂಗು," ಎಂದರು ಕನಕಪುರದ ಮೇಷ್ಟ್ರು.

ಪಟ್ಟಿ ಹಿಡಿದು ಕೂತಿದ್ದವಳು ಸಿರಿ, ಸಿದ್ದಯ್ಯ ಮೇಷ್ಟ್ರ ಮಗಳು. ಬಿಡದಿಯ ಕಾರ್ಖಾನೆಯೊಂದರಲ್ಲಿ ಕೆಲಸ. ಅಪ್ಪನ ನಾಟಕ ನಿಲ್ಲಬಾರದು ಎಂದು ರಜೆ ಹಾಕಿ ಬಂದಿದ್ದಳು. ಮುನಿರತ್ನಮ್ಮನ ಇಡೀ ಲೆಕ್ಕಾಚಾರ ಈ ಹುಡುಗಿ ಹೇಳಿದ ಒಂದು ಸಂಗತಿಯ ಮೇಲೆ ನಿಂತಿತ್ತು. ಶನಿವಾರ ಮಧ್ಯಾಹ್ನ ಮೇಷ್ಟ್ರು ಮಗಳಿಗೆ ಫೋನು ಮಾಡಿದ್ದರು: ವೀರಮಲ್ಲನ ದೊಡ್ಡ ಹಾಡಿಗೆ ಮೂರನೆಯ ಚರಣ ಈಗ ತಾನೇ ಹೊಳೆಯಿತು, ಪುಸ್ತಕದಲ್ಲಿ ಬರೆದೆ, ಇನ್ನೂ ಒಂದು ನರಪಿಳ್ಳೆಯ ಕಿವಿಗೂ ಬಿದ್ದಿಲ್ಲ. ಮೊದಲ ಸಾಲು ಓದಿ ಹೇಳಿದ್ದರು. 'ಗೆದ್ದವರೆಲ್ಲ ಮಲಗಿದ ಮೇಲೆ'.

ಮೊದಲೆರಡು ಚರಣ ಊರಿನ ಕರುಗಳಿಗೂ ಬಾಯಿಪಾಠ. ಮೂರನೆಯದು ಬರುವವನಿಗೆ ಪುಸ್ತಕದಿಂದಲೇ ಬರಬೇಕು.

ಆದರೆ ಕದ್ದವನು ತಾನಾಗಿ ಹಾಡುತ್ತಾನೆಯೇ? ಹಾಡುತ್ತಾನೆ ಎಂದೇ ಅವಳು ನಂಬಿದ್ದಳು. ಈ ಸೀಮೆಯ ನಾಟಕದಲ್ಲಿ 'ಒನ್ಸ್ ಮೋರ್' ಎಂದರೆ ದೇವರ ಅಪ್ಪಣೆ. ಕತ್ತಿಯೇಟು ತಿಂದು ಸತ್ತವನೂ ಎದ್ದು ಕೂತು ಹಾಡಿ ಮತ್ತೆ ಸಾಯಬೇಕು. ಅದರ ಮೇಲೆ ಸಿದ್ದಯ್ಯ ಮೇಷ್ಟ್ರ ಕಟ್ಟಪ್ಪಣೆ ಬೇರೆ: ಒನ್ಸ್ ಮೋರ್ ಬಿದ್ದರೆ ಹಾಡಿದ್ದನ್ನೇ ಹಾಡಬಾರದು, ತಂಗಳು ಬಡಿಸಿದ ಹಾಗಾಗುತ್ತದೆ, ಮುಂದಿನ ಚರಣ ಕೊಡಬೇಕು. ಅವರ ಕೈಯಲ್ಲಿ ಪಳಗಿದವನಿಗೆ ಆ ಕೂಗು ಕಿವಿಗೆ ಬಿದ್ದರೆ ಬುದ್ಧಿಗಿಂತ ಮೊದಲು ಗಂಟಲು ಏಳುತ್ತದೆ.

ಆದ್ದರಿಂದ ಇವಳ ಕೆಲಸ ಇಷ್ಟೇ, ಕಾಗೆಯಂತೆ ಹಾಡಿದವನಿಗೂ ಒನ್ಸ್ ಮೋರ್ ಕೂಗುವುದು. ಉಪಾಯ ಗೊತ್ತಿದ್ದದ್ದು ಸಿರಿಗೆ ಮಾತ್ರ. ಇಮಾಮ್ ಸಾಬರಿಗೂ ಹೇಳಿರಲಿಲ್ಲ. ಒಳ್ಳೆಯವರು, ಆದರೆ ಹೊಟ್ಟೆಯಲ್ಲಿ ಮಾತು ನಿಲ್ಲದವರು.

ಊಟದ ಹೊತ್ತಿಗೆ ಹನ್ನೊಂದು ಜನ ಹಾಡಿದ್ದರು.

ಕೋಟೆಯ ಬಾಗಿಲ ತೆರೆವೆನೆ ನಾನು
ಕೊರಳಲಿ ಉಸಿರಿರುವನಕ...

ಬಾಗಿಲು ಹನ್ನೊಂದು ಸಲ ಮುಚ್ಚಿತು. ಇವಳು ಒನ್ಸ್ ಮೋರ್ ಕೂಗಿದ್ದಕ್ಕೆ ಇಪ್ಪತ್ತೆರಡು ಸಲ ಮುಚ್ಚಿತು. ಎಲ್ಲರೂ ಎರಡನೆಯ ಚರಣಕ್ಕೆ ಹೋದರು, ಮತ್ತೆ ಕೂಗಿದರೂ ಅಲ್ಲಿಗೇ ನಿಂತರು. ಮುನಿರತ್ನಮ್ಮನ ಗಂಟಲು ಕಟ್ಟಿತು. ಬ್ಲೀಚಿಂಗ್ ಪುಡಿಯ ಘಾಟಿಗೆ ಕಣ್ಣು ಉರಿಯಿತು. ಗುರುವಾರ ಹೊಸ ಹುಳ ಬರುವುದಿತ್ತು. ಅದಕ್ಕೇ ಸಂಘದ ಅಧ್ಯಕ್ಷ, ಹುಳದ ಮನೆಯ ಯಜಮಾನ ಮಾಯಣ್ಣ ಬೆಳಿಗ್ಗೆಯೇ ಸುಣ್ಣ ಎರಚಿ ತೊಳೆಸಿದ್ದ. ಹುಳಕ್ಕೆ ಆಗುವುದಿಲ್ಲ ಎಂದು ಪೂಜೆಯ ಊದುಬತ್ತಿಯನ್ನೂ ಒಳಗೆ ಹಚ್ಚಗೊಡದೆ ಹುಣಸೆ ಮರದ ಬುಡದಲ್ಲಿ ಸಿಕ್ಕಿಸಿದ್ದ.

"ಏನಕ್ಕ, ಎಲ್ಲಾರ್ಗೂ ಒನ್ಸ್ ಮೋರ್ ಕೂಗ್ತಿದೀಯ?" ಬಾಗಿಲ ಪಕ್ಕದಿಂದ ದೇವರಾಜು ಪಿಸುಗುಟ್ಟಿದ. ಠಾಣೆಯಿಂದ ಕಾವಲಿಗೆ ಬಂದಿದ್ದ ಪೇದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಇವಳ ಕೈಕೆಳಗೆ ಪಳಗಿದವನು. "ಆ ಡೇರಿ ನಾಗನ ಹಾಡ್ಗೂ ಕೂಗ್ಬುಟ್ಯಲ್ಲ, ಅವ್ನೇ ಗಾಬ್ರಿ ಆಗ್ಬುಟ್ಟ."

"ನಂಗೆ ಹಾಡು ಅಂದ್ರೆ ಪ್ರಾಣ ಕಣ್ಲಾ," ಎಂದು ಅವಳು ಹಲ್ಲು ಕಚ್ಚಿದಳು.

ಊಟವಾದ ಮೇಲೆ ಸಿರಿ ಕೂಗಿದ ಹೆಸರು ಕುಮಾರನದು.

ಮುನಿರತ್ನಮ್ಮ ಮಂಡಿ ಮಡಿಸಿ ನೆಟ್ಟಗಾದಳು. ಇವನ ತಾತ ರಾಜಪಾರ್ಟು, ಅಪ್ಪ ರಾಜಪಾರ್ಟು. ಈ ಗುಡೇಮಾರನಹಳ್ಳಿಯಲ್ಲಿ ಯಾವ ನಾಟಕವಾದರೂ ಕಿರೀಟ ಮಾತ್ರ ಅವರ ಮನೆಯ ಗೂಟಕ್ಕೇ. ಈ ಸಲ ಮೊದಲ ಬಾರಿಗೆ ಸಿದ್ದಯ್ಯ ಮೇಷ್ಟ್ರು, ಪಾರ್ಟು ಮನೆತನಕ್ಕಲ್ಲ, ಗಂಟಲಿಗೆ ಎಂದು ಸಾರಿದ್ದರು. ಪುಸ್ತಕದ ಮೇಲೆ ಆಸೆ, ಮೇಷ್ಟ್ರ ಮೇಲೆ ಸಿಟ್ಟು, ಎರಡೂ ಇದ್ದವನು ಊರಲ್ಲಿ ಇವನೊಬ್ಬನೇ.

ಕುಮಾರ ಹಾಡಿದ. ಸುಮಾರಾಗಿ ಹಾಡಿದ.

"ಒನ್ಸ್ ಮೋರ್!" ಇವಳ ಕೂಗಿಗೆ ಕಿಟಕಿಯ ಪರದೆ ಅಲ್ಲಾಡಿತು.

ಕುಮಾರ ಎದೆಯುಬ್ಬಿಸಿ ಎರಡನೆಯದನ್ನು ಮುಗಿಸಿದ. "ಒನ್ಸ್ ಮೋರ್!" ಅವನ ಕೈ ಮೇಲೆದ್ದಿತು, ಗಂಟಲು ಉಬ್ಬಿತು, ಬಾಯಿ ತೆರೆಯಿತು. ಅರೆಗಳಿಗೆ ಹಾಗೇ ನಿಂತ. ಆಮೇಲೆ ಬಾಯಿ ಮುಚ್ಚಿ, ಕೈ ಮುಗಿದು, ಬಿರಬಿರನೆ ಹೊರಗೆ ನಡೆದ.

ಮುನಿರತ್ನಮ್ಮ ಅವನನ್ನು ಹಿಡಿದದ್ದು ತೋಟದ ಬದುವಿನ ಹತ್ತಿರ.

"ನಿಂತ್ಕಳ್ಲಾ ಕುಮಾರ. ಬಾಯಿ ತೆಗ್ದು ಯಾಕ್ ಮುಚ್ಚಿದೆ?"

"ಕೆಮ್ಮು ಬಂತು ಕಣಕ್ಕ."

"ಕೆಮ್ಮಲೇ ಇಲ್ವಲ್ಲ?"

"ನುಂಗ್ಬುಟ್ಟೆ."

"ಶನಿವಾರ ಸಾಯಂಕಾಲ ಎಲ್ಲಿದ್ದೆ?"

"ಡೇರಿಗೆ ಹಾಲು ಹಾಕ್ತಿದ್ದೆ. ಪೊಲೀಸ್ನೋರ್ಗೆ ಹೇಳಿವ್ನಿ."

"ಡೇರಿ ನಾಗ ನಂಗೂ ಹೇಳವ್ನೆ. ನೀನು ಹಾಲು ಹಾಕಿದ್ದು ಆರಕ್ಕೆ. ಖಾಲಿ ಕ್ಯಾನು ಅಲ್ಲೇ ಬುಟ್ಟು ಹೋದೋನು, ಮಬ್ಬುಗತ್ತಲೆ ಆದ್ಮೇಲೆ ಬಂದು ಎತ್ಕಂಡು ಹೋದೆ. ಎಲ್ಗೆ ಹೋಗಿದ್ದೆ ಹೇಳ್ಲಾ. ನಿನ್ ಸುಳ್ಳಿಗೆ ಆ ಸಾಬ್ರ ಮಗ ಒಳಗೆ ಕೊಳೀತಾವ್ನೆ. ನಿಮ್ಮವ್ವನ ಮುಖ ನೋಡಿ ನಾನು ಇಷ್ಟು ಮೆತ್ತಗೆ ಕೇಳ್ತಾ ಇರೋದು."

ಕುಮಾರ ಹಿಪ್ಪುನೇರಳೆಯ ಒಂದು ಎಲೆ ಕಿತ್ತು ಚೂರುಚೂರು ಮಾಡಿದ. ಮೂವತ್ತೈದರ ಗಂಡಸಿನ ಕಣ್ಣಲ್ಲಿ ನೀರು ತುಂಬಿತು.

"ಹೋಗಿದ್ದೆ ಕಣಕ್ಕ. ಇಲ್ಗೇ. ಪಾರ್ಟು ನಂಗೇ ಕೊಡಿ ಅಂತ ಕಾಲು ಹಿಡ್ಕಳಾಣ ಅಂತ. ಮೇಷ್ಟ್ರು ಮೆಟ್ಲು ಮೇಲೆ ಕುಂತು ಎಲೆಅಡಿಕೆ ಹಾಕತಿದ್ರು. 'ನಿಮ್ ತಾತಂಗೆ ಗಂಟಲಿತ್ತು, ನಿಂಗೆ ಬರೀ ಮೀಸೆ ಐತೆ' ಅಂದ್ಬುಟ್ರು. ಬೈಕಂಡು ವಾಪಸ್ ಬಂದೆ. ದೇವ್ರಾಣೆ ಕೈ ಎತ್ಲಿಲ್ಲ."

"ಅದು ಸರಿ. ಬಾಯಿ ಯಾಕ್ ತೆಗ್ದೆ?"

"ಒಳಗೆ ಯಾರೋ ಪೆಟ್ಟಿಗೆ ಒತ್ತುತಿದ್ರು. ಆ ಹಾಡಿಂದೇ ಧಾಟಿ, ಆದ್ರೆ ಮುಂದುಕ್ಕೆ ಹೋಯ್ತದೆ, ನಮ್ಗೆ ಹೇಳ್ಕೊಟ್ಟಿಲ್ದೆ ಇರೋದು. ಹತ್ತು ದಿನದಿಂದ ತಲೇಲಿ ಸುತ್ತುತಾ ಐತೆ. ನೀನು ಕೂಗಿದ್ಯಲ್ಲ, ಅದೇ ಬಂದ್ಬುಡ್ತು. ಪದ ಇಲ್ಲ, ಏನಂತ ಹಾಡ್ಲಿ?"

ಮುನಿರತ್ನಮ್ಮ ಅವನ ಹತ್ತಿರಕ್ಕೆ ಸರಿದಳು. "ಯಾರ್ಲಾ ಒಳಗಿದ್ದೋರು?"

"ಕಾಣ್ಲಿಲ್ಲ, ಪರದೆ ಬುಟ್ಟಿತ್ತು. ಬಾರಿಸೋಕೆ ಬರೋರಲ್ಲ. ಒಂದೊಂದೇ ಬೆಳ್ಳು ಇಟ್ಟು ಹುಡುಕ್ತಿದ್ರು, ಇಸ್ಕೂಲ್ ಮಕ್ಳು ಮಗ್ಗಿ ಹೇಳ್ದಂಗೆ."

"ಗಂಟೆ ಎಷ್ಟು?"

"ಆರೂವರೆ. ಕ್ಯಾನಿಗೆ ವಾಪಸ್ ಬಂದಾಗ ಡೇರಿ ದೀಪ ಹಾಕಿದ್ರು."

ಆರೂವರೆ! ಆಫ್ತಾಬ ಐದಕ್ಕೇ ಬಸ್ಸು ಹತ್ತಿದವನು. ಹಾಗಾದರೆ ಮೇಷ್ಟ್ರ ಜೊತೆ ಕೊನೆಗೆ ಉಳಿದವನು ಇನ್ನೊಬ್ಬ. ಪುಸ್ತಕ ಮುಂದಿಟ್ಟುಕೊಂಡು, ಆ ಚರಣದ ಧಾಟಿಯನ್ನು ಬೆರಳಲ್ಲಿ ಹುಡುಕುತ್ತಿದ್ದವನು. ಎಂಟು ದಿನ ಕತ್ತಲಲ್ಲಿ ತಡಕಿದವಳ ಕೈಗೆ ಬಾಗಿಲ ಚಿಲಕ ಸಿಕ್ಕ ಹಾಗಾಯಿತು. ಕುಮಾರನ ತೋಳು ಹಿಡಿದು, ಕೋಳಿ ಹಿಡಿದ ಹಾಗೆ ದರದರ ಎಳೆದುಕೊಂಡು ಬಂದಳು.

"ದೇವರಾಜು, ಬಾ ಇಲ್ಲಿ. ಇವ್ನು ಹೇಳೋದ್ನೆಲ್ಲ ಬರ್ಕೊ. ಟೈಮ್ ಸಮೇತ."

"ಎಲ್ಲಾನೂವಾ ಅಕ್ಕ?"

"ಏನ್ ಹೇಳ್ಕೊಟ್ಟಿದ್ದೆ ನಿಂಗೆ? ಕಿವೀಗ್ ಬಿದ್ದದ್ದು ಕಾಗದಕ್ಕೆ ಇಳೀಬೇಕು. ಇದು ಬೇಕು, ಅದು ಬ್ಯಾಡ ಅಂತ ಆರಿಸೋಕೆ ನಾವ್ಯಾರು?"

ದೇವರಾಜು ಬರೆದ. ಕುಮಾರ ಸಹಿ ಹಾಕಿದ, ತಾನು ಅಲ್ಲಿಗೆ ಹೋಗಿದ್ದು ನಿಜ ಎಂದು ಒಪ್ಪಿಕೊಂಡು. ಮುನಿರತ್ನಮ್ಮ ಆ ಕಾಗದವನ್ನು ಎರಡು ಸಲ ಓದಿದಳು. ನಾಳೆ ವಕೀಲರ ಕೈಗೆ ಇದೊಂದು ಸಿಕ್ಕರೆ ಸಾಕು. ಬೆಳಗಿನಿಂದ ಪಟ್ಟ ಅವಮಾನ, ಉರಿಯುವ ಕಣ್ಣು, ಕಟ್ಟಿದ ಗಂಟಲು, ಎಲ್ಲ ಸಾರ್ಥಕ ಅನ್ನಿಸಿತು. ಹೊರಗೆ ಹೋಗಿ ಇಮಾಮ್ ಸಾಬರ ಕೈ ಹಿಡಿದು ಎಬ್ಬಿಸಿದಳು.

"ಬನ್ನಿ ಸಾಬ್ರೇ, ಒಳಗೆ. ನಾಳೆ ನಿಮ್ ಮಗನ್ನ ಕರ್ಕಂಡು ಬತ್ತೀನಿ. ಇನ್ಮೇಲೆ ಮರದ ಕೆಳಗೆ ಕೂರೋದು ಬ್ಯಾಡ."

ಸಾಬರು ಅವಳಿಗೆ ಕೈ ಮುಗಿದರು. ಟೋಪಿ ತೆಗೆದು, ಮತ್ತೆ ಹಾಕಿಕೊಂಡರು.

ಅವರು ಒಳಗೆ ಬಂದಾಗ ಜನ ಸರಿದು ಜಾಗ ಬಿಟ್ಟರು. ಎಂಟು ದಿನದಿಂದ ಅವರ ಕಣ್ಣು ತಪ್ಪಿಸಿ ಓಡಾಡಿದವರು. ಕೊನೆಗೆ ಮಾಯಣ್ಣನೇ ಗಂಟಲು ಸರಿಮಾಡಿಕೊಂಡ.

"ಸಾಬ್ರೇ, ನಮ್ ಚಿಕ್ಕಂದ್ರಲ್ಲಿ ಇದೇ ಊರಲ್ಲಿ ನೀವು ಮಂತ್ರಿ ಪಾರ್ಟು ಮಾಡಿದ್ರಿ. ಬೆಳಗಿಂದ ಕತ್ತೆ ಕೂಗು ಕೇಳಿ ಕಿವಿ ಹೋಗೈತೆ. ನೀವೊಂದು ಹಾಡ್ರಿ."

"ಹಾಡ್ರಿ ಸಾಬ್ರೇ," ಎಂದು ನಾಲ್ಕು ಜನ ದನಿಗೂಡಿಸಿದರು. ಸಿರಿಯೂ ನಕ್ಕು ಪಟ್ಟಿಯ ಕೊನೆಯಲ್ಲಿ ಅವರ ಹೆಸರು ಬರೆದಳು.

"ವಯಸ್ಸಾಗೋಯ್ತು..." ಎಂದರು ಸಾಬರು. ಆದರೆ ಕಾಲು ಆಗಲೇ ಚಾಪೆಯ ಮೇಲಿತ್ತು.

ಪೆಟ್ಟಿಗೆ ಶ್ರುತಿ ಹಿಡಿಯಿತು. ಮುದುಕ ಕಣ್ಣು ಮುಚ್ಚಿ 'ಕೋಟೆಯ ಬಾಗಿಲ' ಎಂದ ಕೂಡಲೇ ಹುಳದ ಮನೆ ತಣ್ಣಗಾಯಿತು. ಬೆಳಗಿನಿಂದ ಜನ ಕೋಟೆಯನ್ನು ಒದ್ದಿದ್ದರು, ಗುದ್ದಿದ್ದರು. ಇವರು ಬಾಗಿಲಿಗೆ ಕೈಯಿಟ್ಟು ನಿಂತ ಹಾಗೆ ಹಾಡಿದರು. ಕನಕಪುರದ ಮೇಷ್ಟ್ರು ಬೆರಳು ಹಗುರ ಮಾಡಿದರು. ಎರಡನೆಯ ಚರಣಕ್ಕೆ ದನಿ ಮೇಲೇರಿದಾಗ ಮುನಿರತ್ನಮ್ಮನ ಮೈ ಜುಮ್ಮೆಂದಿತು. ಹಾಡು ಅಂದರೆ ಇದೇ ಇರಬೇಕು ಎಂದು ಆ ಶ್ರುತಿಯಿಲ್ಲದವಳಿಗೂ ತಿಳಿಯಿತು.

ಹಾಡು ನಿಂತಿತು. ಉಪಾಯ, ಲೆಕ್ಕಾಚಾರ ಯಾವುದೂ ನೆನಪಾಗದೆ, ಬೆಳಗಿನಿಂದ ಮೊದಲ ಸಲ ಮನಸಾರೆ, ಅವಳೇ ಎಲ್ಲರಿಗಿಂತ ಮೊದಲು ಕೂಗಿದಳು.

"ಒನ್ಸ್ ಮೋರ್!"

ಇಮಾಮ್ ಸಾಬರು ಕಣ್ಣು ತೆರೆಯಲಿಲ್ಲ. ಬಲಗೈ ನಿಧಾನವಾಗಿ ಎದ್ದಿತು.

ಗೆದ್ದವರೆಲ್ಲ ಮಲಗಿದ ಮೇಲೆ
ಸೋತವ ಎದ್ದಿರುತಾನೆ,
ಮುಚ್ಚಿದ ಬಾಗಿಲ ಒಳಗಡೆ ಕುಳಿತು
ತನ್ನನೆ ಕಾಯುತಲಿದ್ದಾನೆ...

ಸಿರಿಯ ಕೈಯಿಂದ ಪಟ್ಟಿ ಜಾರಿತು. "ಇದೇ ಧಾಟಿ ಕಣಕ್ಕ! ಇದೇ!" ಎಂದು ಕುಮಾರ ಹಿಂದಿನಿಂದ ಕೂಗಿದ. ಜನ ಏನೂ ತಿಳಿಯದೆ ಚಪ್ಪಾಳೆ ತಟ್ಟುತ್ತಲೇ ಇದ್ದರು.

ಮುನಿರತ್ನಮ್ಮ ಎದ್ದು ಬಂದು ಸಾಬರ ಎದುರು ನಿಂತಳು. ಕೇಳಬಾರದು, ಇಲ್ಲಿ ಕೇಳಬಾರದು ಎಂದು ಒಳಮನಸ್ಸು ಬಡಿದುಕೊಂಡಿತು. ಅವಳು ಕೇಳಲಿಲ್ಲ. ಕೇಳಿದ್ದು ಸಿರಿ.

"ಸಾಬಣ್ಣಾ... ಈ ಚರಣ ನಿಮ್ಗೆ ಯಾರು ಹೇಳ್ಕೊಟ್ರು?"

"ನಮ್ ಆಫ್ತಾಬು ಕಣಮ್ಮ!" ಸಾಬರ ಮುಖ ಅರಳಿತು. "ಆ ಭಾನುವಾರ ಬೆಳಿಗ್ಗೆ. ನಿಮ್ಮಪ್ಪಾಜಿ ದೊಡ್ಡ ಮನ್ಸು. ಅಷ್ಟು ಜಗಳ ಆಡಿದ್ನಲ್ಲ, ಎಲ್ಲಾರೂ ಹೊಂಟೋದ್ಮೇಲೆ ಇವ್ನು ವಾಪಸ್ ಬಂದು ಮಾಫಿ ಕೇಳಿದ್ನಂತೆ. ಮೇಷ್ಟ್ರು ಇವ್ನ್ನ ಪೆಟ್ಟಿಗೆ ಮುಂದೆ ಕೂರಿಸಿ, ಒಂದೊಂದೇ ಬೆಳ್ಳು ಇಡಿಸಿ, ಈ ಚರಣ ಕಲ್ಸಿದ್ರಂತೆ. ಹಗೆ ಇದ್ದಿದ್ರೆ ಕಲಿಸ್ತಿದ್ರಾ, ನೀವೇ ಹೇಳಿ? ಯಾರೂ ನನ್ನ ಹಾಡಿನ ಇಚಾರ ಕೇಳ್ಲೇ ಇಲ್ಲ. ಕೇಳಿದ್ರೆ ಅವತ್ತೇ ಹೇಳ್ತಿದ್ದೆ."

ಚಪ್ಪಾಳೆ ಒಂದೊಂದಾಗಿ ನಿಂತಿತು. ಐದು ಗಂಟೆಯ ಬಸ್ಸಿನ ಕತೆ ಊರಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲದಿದ್ದವರು ಅಲ್ಲಿ ಒಬ್ಬರೇ, ಚಾಪೆಯ ಮೇಲೆ ನಿಂತು ನಗುತ್ತಿದ್ದವರು.

"ಅಮ್ಮಾ, ಇದು ಕೇಸಿಗೆ ಉಪಯೋಗ ಆಯ್ತದಲ್ವಾ?"

ಮುನಿರತ್ನಮ್ಮ ಹಿಂದಕ್ಕೆ ತಿರುಗಿ ನೋಡಿದಳು.

ಬಾಗಿಲ ಬಳಿ ದೇವರಾಜು ಎದ್ದು ನಿಂತಿದ್ದ. ಕುಮಾರ ಸಹಿ ಹಾಕಿದ ಕಾಗದವನ್ನು ಮಗುಚಿ, ಖಾಲಿ ಬೆನ್ನಿನ ಮೇಲೆ ಪೆನ್ನು ಇಟ್ಟುಕೊಂಡು, ಇವಳನ್ನೇ ನೋಡಿದ.

"ಅಕ್ಕಾ," ಎಂದ ಮೆಲ್ಲಗೆ. "ಇದ್ನೂ ಬರ್ಕೊಳ್ಳಾ?"